ತಿಪ್ಪೆಯಲ್ಲಿ ಹೂತ ಕವರು

ಬೇರೆ ಕೆಲಸ ಮಾಡೋರಿಗೆ ಇಂಥ ಫಜೀತಿ ಯಾವಾಗಲೋ ಒಂದ್ಸಲ ಆಗುತ್ತೇನೋ. ನನ್ನ ಕೆಲಸ ಎಂಥದ್ದು ಅಂದ್ರೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟರೆ ಸಾಕು, ಸಂಜೆಯೊಳಗೆ ಏನಾದರೂ ಒಂದು ಗಂಟುಬೀಳುತ್ತೆ. ನಾನು ಮಾರೋದು ಮಣ್ಣಾಗೋ ಕವರು. ಮುಸುಕಿನ ಜೋಳದ ಪಿಷ್ಟದಿಂದ ಮಾಡ್ತಾರೆ. ನೋಡೋಕೆ ಥೇಟ್ ಪ್ಲಾಸ್ಟಿಕ್ಕೇ, ಮುಟ್ಟಿದರೆ ಸ್ವಲ್ಪ ನುಣುಪು. ಕಾವಿರೋ ಗೊಬ್ಬರದ ಗುಂಡಿಗೆ ಹಾಕಿದರೆ ಕೆಲವು ತಿಂಗಳಲ್ಲಿ ಮಣ್ಣಾಗಿ ಹೋಗುತ್ತೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಮೂಲೆಯಲ್ಲಿ ಒಂದು ಸಣ್ಣ ಶೆಡ್ಡು, ಒಳಗೆ ಸದಾ ಗುರ್ ಅನ್ನೋ ಮಿಷನ್ನು, ಒಬ್ಬ ಓನರು, ಊರೂರು ಸುತ್ತಿ ಮಾರೋಕೆ ನಾನು. ನಮ್ಮ ಕಂಪನಿ ಅಂದ್ರೆ ಇಷ್ಟೇ.

ಈ ಕೆಲಸಕ್ಕೆ ನಾನು ಸೇರಿದ್ದು ಒಂದು ಹಸುವಿನಿಂದ. ದೊಡ್ಡಬಳ್ಳಾಪುರದ ಹತ್ರ ಮಧುರೆ ಅನ್ನೋ ಊರಲ್ಲಿ ನಮ್ಮ ಮನೆ, ಹಿಂದೆ ಕೊಟ್ಟಿಗೆ. ಅಮ್ಮ ಸಾಕಿದ್ದ ಹಸು ಒಂದು ದಿನ ಮೇವು ಬಿಡ್ತು, ಹೊಟ್ಟೆ ಉಬ್ಬರಿಸಿಕೊಂಡು ಮಲಗ್ತು, ಮತ್ತೆ ಏಳಲಿಲ್ಲ. ಡಾಕ್ಟ್ರು ಕೊಯ್ದು ನೋಡಿದರೆ ಹೊಟ್ಟೆ ತುಂಬ ಕವರು. ಹಾಲಿನದು, ಹೂವಿನದು, ಛತ್ರದ ಹಿಂದೆ ಅನ್ನ ಸಾರು ಕಟ್ಟಿ ಎಸೆದದ್ದು. ಅನ್ನದ ವಾಸನೆಗೆ ಪಾಪ ಕವರು ಸಮೇತ ನುಂಗಿತ್ತು. ಅಮ್ಮ ಅವತ್ತು ಅಳಲಿಲ್ಲ. ಒಳಗೆ ಹೋಗಿ ಮನೆಯಲ್ಲಿದ್ದ ಕವರನ್ನೆಲ್ಲ ತಂದು ಅಂಗಳಕ್ಕೆ ಸುರಿದಳು. ಇನ್ಮೇಲೆ ಈ ಹೊಸಲು ದಾಟಿ ಒಂದೂ ಒಳಗೆ ಬರಬಾರದು ಅಂದಳು. ನನಗೆ ಅವತ್ತು ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಅದಾದ ಮೇಲೆ ಅಮ್ಮ ಒಂದು ಕಡಸು ತಂದು ಕಟ್ಟಿದಳು. ನಾನು ಈ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಒಂದು ಸ್ಯಾಂಪಲ್ ಕವರು ಹಿಡಿದು ಹೊಸಲಿನಾಚೆಯೇ ನಿಂತು, "ಅಮ್ಮ, ಇದು ಪ್ಲಾಸ್ಟಿಕ್ ಅಲ್ಲ. ಮಣ್ಣಾಗುತ್ತೆ" ಅಂದೆ.

"ಮಾರೋರು ಎಲ್ಲಾರೂ ಏನಾದ್ರೂ ಒಂದು ಹೇಳ್ತಾರೆ ಕಣಪ್ಪಾ. ನನ್ನ ಕಣ್ಣ ಮುಂದೆ ಮಣ್ಣಾಗ್ಲಿ, ಆಮೇಲೆ ನೋಡಾನ."

ನನಗೂ ರೇಗ್ತು. ಹಿತ್ತಲಿನ ತಿಪ್ಪೆಯಲ್ಲಿ ಮೊಣಕೈ ಆಳ ತೋಡಿ ಆ ಕವರನ್ನ ಹೂತೆ, ಗುರುತಿಗೆ ಒಂದು ಹೊಂಗೆ ಕಡ್ಡಿ ನೆಟ್ಟೆ. "ಗೊಬ್ಬರ ಹೊಲಕ್ಕೆ ಹೊಡೆಯೋ ಹೊತ್ತಿಗೆ ಇದು ಇಲ್ಲಿ ಇರಲ್ಲ" ಅಂದೆ.

"ಇದ್ರೆ?"

"ಇದ್ರೆ ಈ ಕೆಲಸ ಬಿಟ್ಟು ನಿನ್ನ ಜೊತೆ ಸಗಣಿ ಬಾಚ್ತೀನಿ."

ಮಾತು ಬಾಯಿಂದ ಬಿದ್ದಾಗಿತ್ತು. ಅವತ್ತಿನಿಂದ ನಾನು ಬೈಕ್ ನಿಲ್ಲಿಸಿ ಒಳಗೆ ಬರೋ ಹೊತ್ತಿಗೆ ಸರಿಯಾಗಿ ಅಮ್ಮನದು ಒಂದೇ ಪ್ರಶ್ನೆ: "ಇವತ್ತೇನ್ಲಾ ಕರಗ್ತು?"

ಬಿಸಿ ಸಾಂಬಾರು

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕ್ಯಾಬ್ ಓಡಿಸೋರೆಲ್ಲ ಊಟಕ್ಕೆ ನಿಲ್ಲಿಸೋ ಒಂದು ಹೋಟೆಲಿದೆ. ಆ ಮಾಲೀಕರು ಒಪ್ಪಿಕೊಂಡರೆ ಸುತ್ತಮುತ್ತಲಿನ ಹೋಟೆಲಿನವರೂ ಒಪ್ಪಿಕೊಂಡ ಹಾಗೆ. ನಾನು ಹೊರಡುವಾಗಲೇ ನಮ್ಮ ಓನರು ಹೇಳಿದ್ದರು: ದಿನಸಿ, ತರಕಾರಿ, ಒಣ ತಿಂಡಿ, ಇವಕ್ಕೆ ಮಾತ್ರ ಕೊಡು, ಬಿಸಿ ಪದಾರ್ಥಕ್ಕೆ ಈ ಕವರು ಬೇಡ. ಮಣ್ಣಲ್ಲಿ ಕರಗುತ್ತೆ ಅಂತ ಶುರುಮಾಡಿ ನಾನೂ ಮಾಲೀಕರಿಗೆ ಅದನ್ನೇ ಹೇಳಿದೆ.

ಮಾಲೀಕರು ಕವರನ್ನ ಹಿಗ್ಗಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿದರು. "ಏನಪ್ಪಾ, ನನ್ನದು ಸಾಂಬಾರು ಪಾರ್ಸೆಲ್ಲೇ ಜಾಸ್ತಿ. ಸಾಂಬಾರು ಕಟ್ಟಕ್ಕಾಗದ ಕವರು ಇಟ್ಕೊಂಡು ನಾನೇನು ಮಾಡ್ಲಿ? ಹಿಡ್ಕೊ ನೋಡಾನ."

ಹಿಡ್ಕೊಂಡೆ. ಬೇಡ ಅನ್ನಬಹುದಿತ್ತು. ಆದರೆ ಗಿರಾಕಿ ಹಿಡ್ಕೊ ಅಂದಾಗ ಬೇಡ ಅನ್ನೋ ಧೈರ್ಯ ಯಾವ ಸೇಲ್ಸ್‌ನವನಿಗೂ ಇರಲ್ಲ. ಒಲೆ ಮೇಲಿಂದಲೇ ಒಂದು ದೊಡ್ಡ ಸೌಟು ಬಂತು, ಕವರು ತಡೀತು. ನನಗೆ ಹೆಮ್ಮೆಯಾಯ್ತು. "ನೋಡಿ ಸಾರ್" ಅಂದೆ. ಇನ್ನೊಂದು ಸೌಟು ಬಂತು. ಕವರಿನ ತಳ ಹಸುವಿನ ಕೆಚ್ಚಲ ಹಾಗೆ ನಿಧಾನಕ್ಕೆ ಇಳಿಬಿತ್ತು. ಕೈ ಮುಂದೆ ಚಾಚಬೇಕು ಅನ್ನೋ ಬುದ್ಧಿ ಬರೋಕೂ ಮುಂಚೆ ನುಗ್ಗೆಕಾಯಿ ಸಮೇತ ಅಷ್ಟೂ ಸಾಂಬಾರು ನನ್ನ ಪ್ಯಾಂಟಿನ ಮೇಲಿತ್ತು.

ಮಾಲೀಕರು ನಗಲಿಲ್ಲ. ಪಾಪ, ಅವರೇ ಒಂದು ಚೊಂಬು ತಣ್ಣೀರು ತಂದು ತೊಡೆಗೆ ಹುಯ್ದರು. ಆಮೇಲೆ ಬಹಳ ಯೋಚನೆ ಮಾಡಿದವರ ಹಾಗೆ ಅಂದರು: "ಕರಗುತ್ತೆ ಅಂದ್ರಿ, ಸರಿ. ಗಿರಾಕಿ ಮನೆಗೆ ಹೋಗೋವರೆಗಾದ್ರೂ ಕಾಯಬಾರದೇನಪ್ಪಾ?"

ವಾಪಸ್ ಬರುವಾಗ ದಾರಿಯ ಒಂದು ಹುಣಸೆ ತೋಪಿನ ಹತ್ರ ಬೈಕ್ ನಿಲ್ಲಿಸಿ, ನೆರಳಿಗಲ್ಲ, ಬಿಸಿಲಿಗೆ ನಿಂತು ಪ್ಯಾಂಟು ಒಣಗಿಸಿಕೊಂಡೆ. ಮನೆಗೆ ಬಂದರೂ ಇಂಗಿನ ವಾಸನೆ ಹೋಗಿರಲಿಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡಳು. ತೊಡೆಗೆ ಬೆಣ್ಣೆ ತಂದುಕೊಟ್ಟಳು. ಆಮೇಲೆ ತಿಪ್ಪೆ ಕಡೆ ನೋಡುತ್ತಾ, "ಹಂಗಾದ್ರೆ ಅಲ್ಲಿಗೂ ಎರಡು ಸೌಟು ಸಾಂಬಾರು ಹುಯ್ಯಾನೇನ್ಲಾ? ಬೇಗ ಮುಗೀತದೆ" ಅಂದಳು.

ಜೋಳದ ಬಟ್ಟಲು

ಕವರಿನ ಜೊತೆಗೆ ನಮ್ಮಲ್ಲಿ ಚಮಚ, ಪಾಯಸದ ಬಟ್ಟಲು ಕೂಡ ಇವೆ. ಅವು ಗಟ್ಟಿ ಮಾಲು, ಅಷ್ಟು ಸುಲಭಕ್ಕೆ ಮೆತ್ತಗಾಗಲ್ಲ. ನೆಲಮಂಗಲದ ಒಂದು ಛತ್ರದಲ್ಲಿ ಮದುವೆ. ಹುಡುಗಿ ಅಪ್ಪನಿಗೆ ಪರಿಸರ ಅಂದ್ರೆ ಪ್ರಾಣ. ನಮ್ಮ ಮಾಲೇ ಬೇಕು ಅಂತ ತರಿಸಿಕೊಂಡಿದ್ದಲ್ಲದೆ, ನನ್ನನ್ನೂ ಊಟಕ್ಕೆ ಕೂರಿಸಿದರು. ಬಾಳೆ ಎಲೆ, ಎಲೆ ತುದಿಯಲ್ಲಿ ನಮ್ಮ ಬಟ್ಟಲಲ್ಲಿ ಪಾಯಸ. ಮೈಕ್ ಹಿಡಿದವನು ಜೋರಾಗಿ ಸಾರಿದ: "ಇವತ್ತಿನ ಊಟದಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಇಲ್ಲ. ನಿಮ್ಮ ಮುಂದಿರೋ ಬಟ್ಟಲು, ಚಮಚ ಎಲ್ಲ ಮುಸುಕಿನ ಜೋಳದ್ದು."

ನನ್ನ ಪಕ್ಕ ಬಿಳಿ ಪಂಚೆಯ ಯಜಮಾನರೊಬ್ಬರು ಕೂತಿದ್ದರು. ಹಾಗೆ ಊಟ ಮಾಡೋರನ್ನ ನಾನು ನೋಡಿಲ್ಲ. ಅವರ ಎಲೆಯಲ್ಲಿ ಕರಿಬೇವು ಕೂಡ ಉಳಿದಿರಲಿಲ್ಲ. ಪಾಯಸ ಕುಡಿದರು, ಬಟ್ಟಲನ್ನ ಬೆರಳಲ್ಲಿ ಬಳಿದರು, ಆಮೇಲೆ ಅದರ ಅಂಚನ್ನ ಕಟುಂ ಅಂತ ಕಡಿದರು.

ನಾನು ಗಾಬರಿಯಾಗಿ, "ಯಜಮಾನ್ರೇ, ಅದು ತಿನ್ನೋದಲ್ಲ" ಅಂದೆ.

"ಜೋಳದ್ದು ಅಂತ ಈಗ ತಾನೆ ಹೇಳಿದ್ರಲ್ಲ?"

"ಜೋಳದ್ದೇ. ಆದ್ರೆ ತಿನ್ನೋಕಲ್ಲ, ಬಿಸಾಕೋಕೆ."

ಅವರು ಅಗಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು. "ಬೆಳೆದ ಜೋಳಾನ ಬಿಸಾಕಕ್ಕೆ ಅಂತ ಮಾಡ್ತಾರಾ? ಎಲೇಲಿ ಒಂದು ಅಗುಳು ಬಿಟ್ರೆ ನಮ್ಮಪ್ಪ ಪಂಕ್ತಿಯಲ್ಲೇ ಬೆನ್ನಿಗೆ ಬಾರಿಸೋನು ಕಣಪ್ಪಾ."

ಪ್ಲಾಸ್ಟಿಕ್ ನೂರಾರು ವರ್ಷ ನೆಲದಲ್ಲಿ ಕೂತಿರುತ್ತೆ, ಇದು ಕೂರಲ್ಲ, ಅಷ್ಟು ನಿಜ. ಆದರೆ ಹೊಲದಲ್ಲಿ ಬೆವರು ಸುರಿಸಿ ಬೆಳೆದದ್ದು ಒಂದು ಹೊತ್ತಿನ ಪಾಯಸ ಹಿಡಿದು ಕಸದ ಬುಟ್ಟಿಗೆ ಹೋಗೋದು ಅವರ ಕಣ್ಣಿಗೆ ಹೇಗೆ ಕಂಡಿರಬೇಕು ಅಂತ ಆ ಊಟ ಮುಗಿಯೋವರೆಗೂ ಯೋಚಿಸಿದೆ. ಅವರೇನೂ ಅಷ್ಟು ಯೋಚಿಸಲಿಲ್ಲ. ಕಡಿದ ಬಟ್ಟಲನ್ನ ಮರ್ಯಾದೆಯಿಂದ ಎಲೆ ಮೇಲಿಟ್ಟು, ಬಡಿಸೋನನ್ನ ಕರೆದು ಹೇಳಿದರು: "ಅಡುಗೆಯವರಿಗೆ ಹೇಳಪ್ಪಾ, ಊಟ ಎಲ್ಲ ಚೆನ್ನಾಗಿತ್ತು. ಇದೊಂದು ಮಾತ್ರ ಬೆಂದಿಲ್ಲ."

ಕೈಯ ಅಭ್ಯಾಸ

ಹೊಸಕೋಟೆಯಲ್ಲಿ ಒಬ್ಬ ತರಕಾರಿ ಅಂಗಡಿಯವನು ನನ್ನ ಖಾಯಂ ಗಿರಾಕಿ. ಹಳೇ ಪ್ಲಾಸ್ಟಿಕ್ ಕವರೆಲ್ಲ ಬಿಟ್ಟು ನಮ್ಮದಕ್ಕೆ ಬಂದಿದ್ದ. "ಇನ್ಮೇಲೆ ಯಾವ ಭಯಾನೂ ಇಲ್ಲ ಗುರು, ತಲೆ ಎತ್ಕೊಂಡು ವ್ಯಾಪಾರ ಮಾಡ್ತೀನಿ" ಅಂತ ಎಲ್ಲರ ಹತ್ರ ಹೇಳಿಕೊಂಡು ತಿರುಗ್ತಿದ್ದ. ಒಂದು ಬೆಳಿಗ್ಗೆ ನಾನು ಅದೇ ಊರಲ್ಲಿದ್ದಾಗ ಫೋನು: "ಗುರು, ಬೇಗ ಬಾ. ಸಿಕ್ಕಾಕ್ಕೊಂಡೆ."

ಹೋಗಿ ನೋಡಿದರೆ ಪ್ಲಾಸ್ಟಿಕ್ ತಪಾಸಣೆಗೆ ಬಂದ ಅಧಿಕಾರಿ ಈರುಳ್ಳಿ ಮೂಟೆಯೊಳಗಿಂದ ನಮ್ಮದೇ ಕವರಿನ ಕಟ್ಟು ಎಳೆದು ತೆಗೀತಿದ್ದರು. ನಾನು ಓಡಿಹೋಗಿ ಕವರಿನ ಮೇಲಿನ ಮುದ್ರೆ ತೋರಿಸಿದೆ, ಮೊಬೈಲಲ್ಲಿದ್ದ ಪರವಾನಗಿ ತೋರಿಸಿದೆ. ಅವರು ನಿಧಾನಕ್ಕೆ ಎಲ್ಲ ಓದಿದರು. ಸಮಾಧಾನವಂತ ಮನುಷ್ಯ.

"ಎಲ್ಲ ಸರಿಯಾಗೇ ಇದೆ. ಮತ್ತೆ ಯಾಕಯ್ಯಾ ಇದನ್ನ ಮೂಟೆಯೊಳಗೆ ಬಚ್ಚಿಟ್ಟೆ?"

ಅಂಗಡಿಯವನು ತಲೆ ಕೆರೆದುಕೊಂಡ. "ಅಭ್ಯಾಸ ಸಾರ್. ನಿಮ್ಮ ಬೈಕ್ ತಿರುವಿನಲ್ಲಿ ಕಂಡ ತಕ್ಷಣ ಕೈ ತಾನೇ ಬಚ್ಚಿಡ್ತು. ನನ್ನ ಕೇಳಲೇ ಇಲ್ಲ."

ಅಧಿಕಾರಿ ನಕ್ಕುಬಿಟ್ಟರು. ಬಂದದ್ದಕ್ಕೆ ಮನೆಗೊಂದಿಷ್ಟು ಟೊಮೇಟೊ ಕೊಡು ಅಂದರು. ತೂಗಿದ. ಕವರಿಗೆ ಹಾಕು ಅಂದರೆ ಇವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬೇಡಿ ಸಾರ್, ನನ್ನ ಪರೀಕ್ಷೆ ಮಾಡಬೇಡಿ. ನಿಮ್ಮ ಕೈಗೆ ನಾನು ಕವರು ಕೊಡೋದಾ? ಕೈಚೀಲ ತನ್ನಿ." ನಾನು ಹೇಳಿದೆ, ಅವರೇ ಹೇಳಿದರು, ಕೇಳಲಿಲ್ಲ. ಕೊನೆಗೆ ಅಧಿಕಾರಿ ಹೆಲ್ಮೆಟ್ ಅಂಗಾತ ಹಿಡಿದು ಅದರಲ್ಲೇ ಟೊಮೇಟೊ ತುಂಬಿಸಿಕೊಂಡರು. ಹೆಲ್ಮೆಟ್ ಇಲ್ಲದೆ ಓಡಿಸಿದರೆ ಸರ್ಕಲ್ಲಿನಲ್ಲಿ ದಂಡ ಬೀಳುತ್ತೆ. ಹಾಗಾಗಿ ಬೈಕನ್ನ ಆಫೀಸಿನವರೆಗೂ ತಳ್ಳಿಕೊಂಡೇ ಹೋದರು.

ಇದನ್ನ ಹೇಳಿದಾಗ ಅಮ್ಮ ಮೊದಲ ಸಲ ನಕ್ಕಳು. ನಾನು ಅದೇ ಸಂದು ಹಿಡಿದು, "ನೋಡು, ಸರ್ಕಾರದೋರೇ ಒಪ್ಪಿದ್ರು" ಅಂದೆ. "ಸರ್ಕಾರದೋರ ಹಸು ಸತ್ತಿಲ್ಲವಲ್ಲ" ಅಂದಳು.

ಬಾಗಿಲ ಹಿಂದಿನ ಕವರು

ನಮ್ಮ ಕಡೆ ಯಾವ ಮನೆಗೆ ಬೇಕಾದರೂ ಹೋಗಿ, ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ದಪ್ಪ ಕವರು, ಅದರ ಹೊಟ್ಟೆಯೊಳಗೆ ಮಡಿಚಿಟ್ಟ ಕವರುಗಳು. ಬಟ್ಟೆ ಅಂಗಡಿಯದು ಒಂದು ಕಡೆ, ಬೇಕರಿಯದು ಒಂದು ಕಡೆ. ನಮ್ಮ ಮನೆಯಲ್ಲೂ ಇತ್ತು, ಆ ಹಸು ಸಾಯೋವರೆಗೂ.

ದೊಡ್ಡಬಳ್ಳಾಪುರದಲ್ಲಿ ಕೋಡುಬಳೆ, ನಿಪ್ಪಟ್ಟು ಮಾಡಿ ಮಾರೋ ಒಬ್ಬರು ಅಕ್ಕ ಇದ್ದಾರೆ. ನಮ್ಮ ಕವರಲ್ಲೇ ತಿಂಡಿ ಕಟ್ಟಿಕೊಡ್ತಾರೆ. ಒಂದು ದಿನ ಫೋನಲ್ಲಿ ಬೈಗುಳ ಶುರು: "ನಿಮ್ಮ ಕವರಿಗೆ ಏನೋ ರೋಗ ಬಂದಿದೆ. ಬಂದು ನೋಡಿ."

ಹೋದೆ. ಬಾಗಿಲ ಹಿಂದಿನ ಮೊಳೆಯಿಂದ ಆ ದೊಡ್ಡ ಕವರು ಇಳಿಸಿ ನನ್ನ ಮುಂದೆ ಬಗ್ಗಿಸಿದರು. ಪುಡಿ ಪುಡಿ ಚೂರು ಉದುರಿತು. ವ್ಯಾಪಾರದಲ್ಲಿ ಉಳಿದದ್ದು, ಅಕ್ಕಪಕ್ಕದವರು ತಿಂದು ವಾಪಸ್ ಕೊಟ್ಟದ್ದು, ಎಲ್ಲವನ್ನೂ ಒರೆಸಿ, ಮಡಿಚಿ, ತಿಂಗಳುಗಟ್ಟಲೆ ಕೂಡಿಟ್ಟಿದ್ದರು. ಒಲೆಯ ಕಾವು, ಪಾತ್ರೆ ತೊಳೆಯೋ ಜಾಗದ ತೇವ, ಎರಡೂ ಸೇರಿ ಕೆಲಸ ಮುಗಿಸಿದ್ದವು.

"ಅಕ್ಕಾ, ಇದನ್ನ ಕೂಡಿಡಬಾರದು. ಒಂದೆರಡು ಸಲ ಬಳಸಿ ಗೊಬ್ಬರದ ಗುಂಡಿಗೆ ಹಾಕಿಬಿಡಬೇಕು."

"ಇಷ್ಟು ಚೆನ್ನಾಗಿರೋ ಕವರನ್ನ?"

"ಹೂಂ. ಬಿಸಾಕೋಕೆ ಅಂತಲೇ ಮಾಡಿರೋದು."

ಅಕ್ಕ ಆ ಪುಡಿಯನ್ನ ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. "ಬಿಸಾಕೋಕೆ ಮಾಡೋದಾದ್ರೆ ಸ್ವಲ್ಪ ಕೆಟ್ಟದಾಗಿ ಮಾಡಿ. ಹಿಂಗೆ ನೈಸಾಗಿ ಮಾಡಿಟ್ರೆ ಬಿಸಾಕಕ್ಕೆ ಯಾರಿಗೆ ಮನಸ್ಸು ಬರುತ್ತೆ?"

ಓನರಿಗೆ ಇದನ್ನ ಹಾಗೇ ತಲುಪಿಸಿದೆ. ಅವರು "ಇದು ಕಂಪ್ಲೇಂಟಾ, ಹೊಗಳಿಕೆನಾ?" ಅಂತ ಕೇಳಿದರು.

ಗೊಬ್ಬರ ಹೊಡೆಯೋ ದಿನ

ಇಷ್ಟರ ಮಧ್ಯೆ ತಿಪ್ಪೆ ತನ್ನ ಪಾಡಿಗೆ ಬೆಳೀತಿತ್ತು. ದಿನಾ ಬೆಳಿಗ್ಗೆ ಅಮ್ಮ ಕಡ್ಡಿ ಬಿಟ್ಟು ಪಕ್ಕಕ್ಕೆ ಸಗಣಿ ಸುರೀತಿದ್ದಳು. ದಿನಾ ಸಂಜೆ ನಾನು ಆ ಹೊಂಗೆ ಕಡ್ಡಿ ನೋಡ್ತಿದ್ದೆ. ತೋಡಿ ನೋಡೋ ಧೈರ್ಯ ಇರಲಿಲ್ಲ. ಒಂದು ದಿನ ಕಡ್ಡಿ ವಾಲಿಕೊಂಡಿತ್ತು. ಕೋಳಿ ಕೆದಕಿರಬೇಕು ಅಂದುಕೊಂಡು ನೆಟ್ಟಗೆ ಮಾಡಿದೆ.

ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಅಮ್ಮ "ಇವತ್ತೇನ್ಲಾ ಕರಗ್ತು" ಅಂತ ಕೇಳೋದನ್ನ ನಿಲ್ಲಿಸಿಬಿಟ್ಟಳು. ನಾನೇ ಏನಾದರೂ ಹೇಳಹೋದರೆ, "ಆಯ್ತು, ಊಟ ಮಾಡು" ಅನ್ನೋಳು. ಬೈದರೆ ತಡ್ಕೋಬಹುದು, ಅಣಕಿಸಿದರೂ ತಡ್ಕೋಬಹುದು, ಕೇಳೋದನ್ನೇ ಬಿಟ್ಟರೆ ಬಹಳ ಕಷ್ಟ. ಇವನ ಮಾತು ಕೇಳಿ ಪ್ರಯೋಜನ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದಾಳೆ ಅಂದುಕೊಂಡೆ. ನನಗೆ ಆ ಕವರು ಮಣ್ಣಾಗಬೇಕಿತ್ತು. ಆರ್ಡರಿಗಲ್ಲ, ಓನರಿಗಲ್ಲ. ಅಮ್ಮ ಒಂದ್ಸಲ "ಸರಿ ಕಣ್ಲಾ" ಅನ್ನಬೇಕಿತ್ತು, ಅಷ್ಟೇ.

ಮುಂಗಾರಿಗೆ ಮುಂಚೆ ಗೊಬ್ಬರ ಹೊಡೆಯೋ ಭಾನುವಾರ ಬಂತು. ಟ್ರ್ಯಾಕ್ಟರ್ ತಂದವನು ನನ್ನ ಜೊತೆ ಸ್ಕೂಲಲ್ಲಿ ಓದಿದವನು. ನನ್ನ ಪಂಥದ ವಿಷಯ ಅವನಿಗೆ ಗೊತ್ತು, ಅಂದ ಮೇಲೆ ಇಡೀ ಬೀದಿಗೆ ಗೊತ್ತು. ಅಕ್ಕಪಕ್ಕದವರೆಲ್ಲ ಕೆಲಸ ಇಲ್ಲದೆ ಇದ್ದರೂ ಹಿತ್ತಲಿಗೆ ಬಂದು ನಿಂತರು. ಓನರು ಬೇರೆ ವೀಡಿಯೋ ಕಾಲ್ ಮಾಡು, ನಾನೂ ನೋಡ್ತೀನಿ ಅಂದಿದ್ದರು. ಮೊಬೈಲನ್ನ ಕೊಟ್ಟಿಗೆ ಕಂಬಕ್ಕೆ ಒರಗಿಸಿಟ್ಟೆ. ಅಮ್ಮ ಕಡಸಿನ ಮೈ ನೀವುತ್ತಾ ದೂರದಲ್ಲೇ ನಿಂತಿದ್ದಳು.

ಕಡ್ಡಿ ಕಿತ್ತು ಸಲಿಕೆ ಹಾಕಿದೆ. ಬಿಸಿ ಹಬೆ ಬಂತು. ಒಂದು ಮೊಳ ತೋಡಿದೆ, ಇಲ್ಲ. ಅಗಲಕ್ಕೆ ತೋಡಿದೆ, ಇಲ್ಲ. ಸಲಿಕೆ ಬಿಸಾಕಿ ಕೈಯಲ್ಲೇ ಬಗೆದೆ, ಕಪ್ಪು ಗೊಬ್ಬರ ಬಿಟ್ಟರೆ ಒಂದು ಎಳೆ ಕೂಡ ಇಲ್ಲ. ಗೆಳೆಯನೂ ಇಳಿದು ಕೆದಕಿ ನೋಡಿದ. "ಲೇ, ನಿಜವಾಗ್ಲೂ ಇಲ್ಲ ಕಣೋ" ಅಂದ.

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಎರಡೂ ಕೈಯಲ್ಲಿ ಗೊಬ್ಬರ ಎತ್ತಿ ಮೊಬೈಲಿಗೆ ತೋರಿಸಿ, "ಸಾರ್, ಪೂರ್ತಿ ಮಣ್ಣಾಗಿದೆ" ಅಂದೆ. ಓನರು ಆ ಕಡೆ ಚಪ್ಪಾಳೆ ತಟ್ಟಿದರು. ನಾನು ಬೀದಿಯವರ ಕಡೆ ತಿರುಗಿ ಒಂದು ಸಣ್ಣ ಭಾಷಣವನ್ನೇ ಶುರುಮಾಡಿದೆ. ಪ್ಲಾಸ್ಟಿಕ್ ಎಂಥ ಪಾಪ, ನಮ್ಮ ಕವರು ಎಂಥ ಪುಣ್ಯ, ಇನ್ನು ಯಾರ ಹಸುವೂ ಸಾಯಬಾರದು ಅಂತ. ಚೆನ್ನಾಗೇ ಬರ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಚಿಕ್ಕಮ್ಮ ಬೇಲಿ ಸಂದಿಯಿಂದ ಬಂದರು. ಕೈಯಲ್ಲಿ ಒಂದು ಕವರು, ಕವರಿನ ತುಂಬ ನುಗ್ಗೆಸೊಪ್ಪು. "ಅಕ್ಕಾ, ತಗೊಳ್ಳಿ, ನಿಮ್ಮ ಕವರು ವಾಪಸ್. ಬರೀ ಕವರು ಹೆಂಗೆ ಕೊಡೋದು ಅಂತ ಸೊಪ್ಪು ಹಾಕಿದೀನಿ" ಅಂದರು.

ಕವರಿನ ಮೇಲೆ ನಮ್ಮ ಕಂಪನಿಯ ಹಸಿರು ಎಲೆ ಮುದ್ರೆ. ಒಂದು ಮೂಲೆ ಇರಲಿಲ್ಲ, ಅಲ್ಲಿಗೆ ಒಂದು ಗಂಟು ಹಾಕಿತ್ತು. ಬೀದಿಯವರೆಲ್ಲ ಕವರು ನೋಡಿದರು, ನನ್ನ ಕೈಯಲ್ಲಿದ್ದ ಗೊಬ್ಬರ ನೋಡಿದರು. ಮೊಬೈಲಿನಿಂದ ಓನರು, "ಏನಾಯ್ತ್ರೀ? ಯಾಕೆ ಎಲ್ಲ ಸುಮ್ಮನಾದ್ರು?" ಅಂತಿದ್ದರು.

"ಅಮ್ಮ, ಇದನ್ನ ಯಾವಾಗ ತೆಗೆದೆ?"

"ಆವಾಗಲೇ ತೆಗೆದೆ" ಅಂದಳು ಅಮ್ಮ, ಏನೂ ಆಗದವಳ ಹಾಗೆ. "ನೀನು ಹೇಳಿದ್ದು ನಿಜವಾ ಅಂತ ಒಂದಿನ ತೋಡಿ ನೋಡ್ದೆ. ಮೂಲೆ ಮಣ್ಣಾಗಿತ್ತು. ಬೆರಳಲ್ಲಿ ಮುಟ್ಟಿದ್ರೆ ಗೊಬ್ಬರದ ಜೊತೆ ಬೆರೆತು ಬಂತು. ಸರಿ ಕಣ್ಲಾ, ನಂಬ್ದೆ. ನಂಬಿದ ಮೇಲೆ ಇನ್ನೇನು ಕೇಳಾದು? ತೊಳೆದು ಒಣಗಾಕಿ, ಗಂಟು ಹಾಕಿ ಇಟ್ಕೊಂಡೆ. ಅವರೆಕಾಯಿ ಹಾಕಿ ಇವಳಿಗೆ ಕೊಟ್ಟಿದ್ದೆ."

ಆ "ಸರಿ ಕಣ್ಲಾ" ಅನ್ನೋದು ಸಿಕ್ಕಿತ್ತು. ಅದಕ್ಕೆ ಸಂತೋಷಪಡಬೇಕೋ, ಬೀದಿ ಮುಂದೆ ಹೋದ ಮಾನಕ್ಕೆ ಅಳಬೇಕೋ ತಿಳಿಯದೆ ಗೊಬ್ಬರ ಹಿಡಿದುಕೊಂಡೇ ನಿಂತಿದ್ದೆ. ಗೆಳೆಯ ಟ್ರ್ಯಾಕ್ಟರ್ ಮೇಲೆ ಬಿದ್ದು ಬಿದ್ದು ನಗ್ತಿದ್ದ.

"ಅಲ್ಲಮ್ಮಾ, ಪೂರ್ತಿ ಮಣ್ಣಾಗೋಕೆ ಅಂತ ತಾನೇ ಹೂತದ್ದು? ಹೇಗಿದ್ರೂ ಮಣ್ಣಾಗೋದನ್ನ ಯಾಕೆ ತೆಗೆದೆ?"

ಅಮ್ಮ ನುಗ್ಗೆಸೊಪ್ಪಿನ ಕವರನ್ನ ನನ್ನ ಕಣ್ಣ ಮುಂದೆಯೇ ಎತ್ತಿಕೊಂಡಳು. ಹೊಸಲು ದಾಟಿ ಒಳಗೆ ಕಾಲಿಟ್ಟು, ತಿರುಗಿ ನಿಂತಳು.

"ನಾನೂ ಒಂದಿನ ಮಣ್ಣಾಗೋಳೇ ಕಣ್ಲಾ. ಹಂಗಂತ ಇವತ್ತೇ ಹೂತ್ಬಿಡ್ತೀಯಾ?"